ಇಂಜಿನ್ನಿಲ್ಲದ ಗಾಡಿಗೊಂದು ಸೊಂಡಿಲು

"ಈ ಈಸ್ಟರಿಗೆ ನಮ್ಮ ಮಾವ ನನ್ನ ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಬೀಚಿಗೆ ಬರದಿದ್ದರೆ ನನ್ನ ಹೆಸರು ರಸೆಲ್ ಅಲ್ಲ!"

ಅಡುಗೆಮನೆಯ ಕಟ್ಟೆ ಗುದ್ದಿ ನಾನು ಹೀಗೆ ಭೀಷ್ಮಪ್ರತಿಜ್ಞೆ ಮಾಡಿದಾಗ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದ ನನ್ನ ಹೆಂಡತಿ ಜನೀನ್ ತಲೆ ಕೂಡ ಎತ್ತಲಿಲ್ಲ.

"ಬೇರೆ ಹೆಸ್ರು ಯಾವುದಾದ್ರೂ ಯೋಚ್ನೆ ಮಾಡಿಟ್ಕೋ. ಆಮೇಲೆ ಹುಡುಕ್ತಾ ಪರದಾಡೋದು ಬೇಡ," ಎಂದಳು.

ನೋಡಿ, ನನಗೆ ಲೋಕದಲ್ಲಿ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ, ಡ್ಯಾರೆಲ್ ಒಬ್ಬನನ್ನು ಬಿಟ್ಟರೆ. ಡ್ಯಾರೆಲ್ ನನ್ನ ಷಡ್ಡಕ, ಜನೀನ್‌ಳ ತಂಗಿ ಟ್ರೇಸಿಯ ಗಂಡ. ಕಸುಬಿನಲ್ಲಿ ಎಲೆಕ್ಟ್ರಿಷಿಯನ್. ಊರಿಗೆಲ್ಲ ಕರೆಂಟು ಹಂಚುವ ಈ ಪುಣ್ಯಾತ್ಮ ಓಡಿಸುವುದು ಮಾತ್ರ ಹೊಗೆ ಉಗುಳುವ, ಕಿವಿ ಹರಿಯುವಂತೆ ಗುಡುಗುವ ಡೀಸೆಲ್ ಯೂಟು! ಯೂಟು ಅಂದರೆ ನಮ್ಮ ಕ್ವೀನ್ಸ್‌ಲ್ಯಾಂಡ್ ಕಡೆ ಪಿಕಪ್ಪು, ಹಿಂದೆ ತೊಟ್ಟಿ ಇರುವ ಗಾಡಿ. ಇಲ್ಲಿ ಹುಟ್ಟಿದ ಮಗುವಿಗೆ ಹೆಸರಿಡುವುದು ತಡವಾದರೂ ಆದೀತು, ಕೊಂಡ ಯೂಟಿಗೆ ಬುಲ್ ಬಾರ್ ಹಾಕಿಸುವುದು ತಡವಾಗಬಾರದು. ಡ್ಯಾರೆಲ್‌ನ ಯೂಟಿನ ಮೂತಿಯ ಮುಂದೆ ಕಾಂಗರೂ ಗುದ್ದಿದರೂ ಜಗ್ಗದ ಉಕ್ಕಿನ ಕಂಬಿಗಳ ಬುಲ್ ಬಾರ್, ನೆತ್ತಿಯ ಮೇಲೆ ಸಾಲುದೀಪ, ಅದರ ಹಿಂದೆ ಮಡಚುವ ಡೇರೆ, ಪಕ್ಕದಲ್ಲಿ ಬಿಚ್ಚಿದರೆ ಚಪ್ಪರವಾಗುವ ಛಾವಣಿ. ಇಷ್ಟು ಸಾಲದು ಎಂಬಂತೆ ಬಾನೆಟ್ಟಿನ ಪಕ್ಕದಿಂದ ನೆತ್ತಿಯವರೆಗೆ ಏರಿ ನಿಂತ ಕಪ್ಪು ಕೊಳವೆ! ಹೊಳೆ ದಾಟುವಾಗ ಇಂಜಿನ್ನು ನೀರು ಕುಡಿಯದೆ ಮೇಲಿನಿಂದ ಗಾಳಿ ಎಳೆದುಕೊಳ್ಳಲಿ ಅಂತ ಅದು. ಅಂಗಡಿಯವರು ಸ್ನಾರ್ಕೆಲ್ ಅನ್ನುತ್ತಾರೆ, ನಾನು ಸೊಂಡಿಲು ಅನ್ನುತ್ತೇನೆ. ಆ ಸೊಂಡಿಲು ಕಂಡಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಳ್ಳುತ್ತಿತ್ತು.

ಹೋಗಲಿ, ಗಾಡಿ ಅವನದು, ಸೊಂಡಿಲೂ ಅವನದು ಅಂತ ಸುಮ್ಮನಿರಬಹುದಿತ್ತು. ಆದರೆ ಮಾವ ನಮ್ಮಿಬ್ಬರದ್ದೂ ಅಲ್ಲವೇ? ನಮ್ಮ ಮಾವ ನೆವಿಲ್ ಬಾಳೆಲ್ಲ ದೊಡ್ಡ ಲಾರಿ ಓಡಿಸಿದವರು. ಒಂದರ ಹಿಂದೆ ಒಂದು ಟ್ರೇಲರ್ ಕಟ್ಟಿಕೊಂಡು ಕೆಂಪು ಧೂಳಿನಲ್ಲಿ ಉತ್ತರದ ತುದಿಯ ಡಾರ್ವಿನ್ ಊರಿನವರೆಗೆ ಹೋಗಿಬಂದವರು. ಅವರು ಯಾರ ಪಕ್ಕದಲ್ಲಿ ಕೂರುತ್ತಾರೋ ಅವನೇ ಡ್ರೈವರು, ಉಳಿದವರೆಲ್ಲ ಸ್ಟೇರಿಂಗ್ ಹಿಡಿದುಕೊಂಡ ಪ್ರಯಾಣಿಕರು! ಅತ್ತೆ ತೀರಿಕೊಂಡ ಮೇಲೆ ಈಸ್ಟರಿಗೆ ಎಲ್ಲರೂ ಬೀಚಿನಲ್ಲಿ ಡೇರೆ ಹಾಕಲು ಹೊರಟರೆ ಮಾವ ಪ್ರತಿ ವರ್ಷವೂ ಡ್ಯಾರೆಲ್‌ನ ಪಕ್ಕದಲ್ಲೇ ಹತ್ತಿ ಕೂರುತ್ತಿದ್ದರು. ಹಿರೀ ಮಗಳ ಗಂಡ ನಾನು! ನ್ಯಾಯವಾಗಿ ಮೊದಲ ಹಕ್ಕು ಯಾರದು? ಈ ಪ್ರಶ್ನೆಯನ್ನು ಜನೀನ್ ಮುಂದೆ ಇಟ್ಟರೆ, "ನಮ್ಮಪ್ಪ ಏನು ಆಸ್ತೀನಾ, ಹಕ್ಕು ಕೇಳೋಕೆ?" ಎನ್ನುತ್ತಾಳೆ.

ಹಾಗಿರುವಾಗ ನಾನು ಎಲೆಕ್ಟ್ರಿಕ್ ಯೂಟು ಕೊಂಡೆ. ನಮ್ಮ ಇಡೀ ಬೀದಿಗೇ ಮೊದಲನೆಯದು! ಕಪ್ಪು ಮಿರಮಿರ ಮಿಂಚುವ ಗಾಡಿ, ಸ್ವಿಚ್ಚು ಒತ್ತಿದರೆ ಇರುವೆ ನಡೆದಷ್ಟೂ ಸದ್ದಿಲ್ಲ. ಅದನ್ನು ಮೊದಲ ಸಲ ಡ್ಯಾರೆಲ್‌ನ ಮನೆಯ ಹಿತ್ತಲಿಗೆ ಮೆರವಣಿಗೆ ಒಯ್ದಾಗ ಅವನು ಕಬ್ಬಿಣದ ಒಲೆಯ ಮುಂದೆ ನಿಂತು ಸಾಸೇಜು ತಿರುವಿಹಾಕುತ್ತಿದ್ದ.

"ಏನ್ ಗುರು," ಎಂದ ಇಕ್ಕಳ ಆಡಿಸುತ್ತಾ, "ಟೋಸ್ಟರಿಗೆ ಚಕ್ರ ಹಾಕ್ಕೊಂಡು ಬಂದ್ಯಾ?"

ಟ್ರೇಸಿ ನಕ್ಕಳು. ಜನೀನ್ ನಕ್ಕಳು. ಅವರು ನಕ್ಕರೆ ನಗಲಿ. ಬಿಯರ್ ಹಿಡಿದು ಕುರ್ಚಿಯಲ್ಲಿ ಕೂತಿದ್ದ ಮಾವನೂ ನಕ್ಕುಬಿಟ್ಟರು! ನನ್ನ ಎದೆಗೆ ಸಾಸೇಜಿನ ಇಕ್ಕಳದಿಂದಲೇ ಚುಚ್ಚಿದ ಹಾಗಾಯಿತು.

"ನಗಬೇಡಿ ನೆವ್," ಎಂದೆ ನಾನು. "ಇದರ ಬ್ಯಾಟರಿ ಎಂಥದು ಗೊತ್ತಾ? ಮೋಟಾರು ನಾಲ್ಕೂ ಚಕ್ರಕ್ಕೆ ಹೆಂಗೆ ಶಕ್ತಿ ಹಂಚುತ್ತೆ ಗೊತ್ತಾ?" ಎಂದು ಶುರು ಹಚ್ಚಿಕೊಂಡವನು ಸಾಸೇಜು ಬೆಂದು, ಬಡಿಸಿ, ತಿಂದು, ತಟ್ಟೆ ತೊಳೆಯುವವರೆಗೂ ವಿವರಿಸಿದೆ. ಮನೆ ಹರಾಜು ಹಾಕುವುದು ನನ್ನ ಕಸುಬು ಕಣ್ರೀ. ಶನಿವಾರ ಬಂತೆಂದರೆ ಯಾರದೋ ಮನೆಯಂಗಳದ ಹುಲ್ಲಿನ ಮೇಲೆ ನಿಂತು, ಸೋರುವ ಛಾವಣಿಯನ್ನೂ 'ಗಾಳಿ ಬೆಳಕು ಧಾರಾಳ' ಎಂದು ಕೂಗಿ ಮಾರುವವನು. ಬಾಯಿಯೇ ನನ್ನ ಬಂಡವಾಳ.

ಎಲ್ಲ ಕೇಳಿದ ಮೇಲೆ ಮಾವ ಮಂಡಿ ನೀವಿಕೊಳ್ಳುತ್ತಾ ಹೇಳಿದರು: "ಚಳಿಗಾಲದಲ್ಲಿ ಈ ಮಂಡಿ ಕುಯ್ಯಿಸ್ಕೋಬೇಕಪ್ಪ. ಆಮೇಲೆ ಮರಳಿನ ಮೇಲೆಲ್ಲ ಓಡಾಡೋಕೆ ಆಗುತ್ತೋ ಇಲ್ವೋ. ಇದೇ ಕೊನೇ ಈಸ್ಟರ್ ಅನ್ಸುತ್ತೆ ನಂಗೆ ಬೀಚಲ್ಲಿ."

ನನಗೆ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸಂಕಟದ ಬೆನ್ನಿಗೇ ಹೊಟ್ಟೆಕಿಚ್ಚೂ ಎದ್ದು ಕೂತಿತು. ಕೊನೇ ಸಲವೂ ಡ್ಯಾರೆಲ್‌ನ ಪಕ್ಕದಲ್ಲೇ ಕೂತುಬಿಟ್ಟರೆ ಈ ಜನ್ಮದಲ್ಲಿ ನನ್ನ ಸರದಿ ಬರುವುದು ಯಾವಾಗ?

"ಈ ಸಲ ನನ್ನ ಗಾಡೀಲಿ ಬರ್ತೀರಲ್ಲ ನೆವ್?" ಎಂದೆ.

"ನೋಡೋಣ," ಎಂದರು ಮಾವ.

ನೋಡೋಣ! ಇಲ್ಲ ಅನ್ನಲಿಲ್ಲ, ನೋಡೋಣ ಅಂದರು! ಅಂದರೆ ನನ್ನ ಗಾಡಿಯಲ್ಲಿ ಏನೋ ಕೊರತೆಯಿದೆ, ಅದು ತುಂಬಿದರೆ ಬರುತ್ತಾರೆ ಅಂತ ತಾನೆ? ಕೊರತೆ ಏನೆಂದು ಕಂಡುಹಿಡಿಯಲು ನಾನೇನು ವಿಜ್ಞಾನಿ ಆಗಬೇಕಿರಲಿಲ್ಲ. ಡ್ಯಾರೆಲ್‌ನ ಗಾಡಿಯನ್ನು ಒಂದು ಸುತ್ತು ಹಾಕಿದೆ. ಅವನಲ್ಲಿ ಇದ್ದು ನನ್ನಲ್ಲಿ ಇಲ್ಲದ್ದೆಲ್ಲ ಕೊರತೆಯೇ!

ಮರುದಿನ ಬೆಳಗ್ಗೆ ಬಿಡಿಭಾಗಗಳ ಅಂಗಡಿಯ ಮಿಕ್‌ನ ಮುಂದೆ ಹಾಜರಾದೆ. "ಬುಲ್ ಬಾರ್ ಬೇಕು, ಇರೋದ್ರಲ್ಲೇ ದಪ್ಪಂದು. ದೀಪ ಡ್ಯಾರೆಲ್‌ದಕ್ಕಿಂತ ಒಂದು ಸಾಲು ಜಾಸ್ತಿ. ನೆತ್ತಿ ಮೇಲೆ ಡೇರೆ. ಟೈರು ಎತ್ತರದ್ದು, ಕೆಸರು ಕಚ್ಚಿ ಹಿಡಿಯೋ ಅಂಥದ್ದು."

"ಗುರು, ಬುಲ್ ಬಾರ್ ಹಾಕಿದ್ರೆ ಮುಂದೆ ಅಡ್ಡಿ ಇದ್ಯಾ ಅಂತ ನೋಡೋ ಸೆನ್ಸರಿಗೆ..." ಎಂದು ಮಿಕ್ ಬಾಯಿ ತೆರೆದ. ನಾನು ಬಿಡಬೇಕಲ್ಲ! ಬುಲ್ ಬಾರಿನ ಇತಿಹಾಸ, ಕಾಂಗರೂಗಳ ಸ್ವಭಾವ, ಷಡ್ಡಕರ ಸ್ವಭಾವ ಎಲ್ಲವನ್ನೂ ವಿವರಿಸಿ ಮುಗಿಸುವಷ್ಟರಲ್ಲಿ ಪಾಪ, ತಾನು ಏನು ಹೇಳಹೊರಟಿದ್ದೆ ಎಂಬುದು ಅವನಿಗೇ ಮರೆತುಹೋಗಿತ್ತು.

"ಕಡೇದಾಗಿ ಒಂದು ಸೊಂಡಿಲು," ಎಂದೆ.

ಮಿಕ್ ತಲೆ ಕೆರೆದುಕೊಂಡ. "ಇದಕ್ಕಾ? ಇದರಲ್ಲಿ ಇಂಜಿನ್ನೇ ಇಲ್ವಲ್ಲ ಗುರು. ಆ ಕೊಳವೇಲಿ ಉಸಿರಾಡೋರು ಯಾರು?"

"ನಾನು! ಷಡ್ಡಕನ ಗಾಡಿ ನೋಡಿದಾಗೆಲ್ಲ ಉಸಿರು ಕಟ್ಟೋದು ನಂಗೇ ತಾನೆ?"

"ಕೆಳಗಿನ ತುದಿ ಎಲ್ಲಿಗೆ ಸೇರಿಸ್ಲಿ?"

"ಎಲ್ಲಿಗೂ ಬೇಡ. ಮಗ್ಗುಲಿಗೆ ಅಂಟಿಸ್ಬಿಡು. ಡ್ಯಾರೆಲ್‌ದಕ್ಕಿಂತ ಒಂದು ಗೇಣು ಉದ್ದ ಇರ್ಲಿ!"

ಮಿಕ್ ನನ್ನನ್ನು ನೋಡಿದ, ಗಾಡಿಯನ್ನು ನೋಡಿದ, ಬಂದ ಲಕ್ಷ್ಮಿಯನ್ನು ಒದೆಯುವುದು ಯಾಕೆ ಎಂದು ಸೊಂಡಿಲು ತರಲು ಒಳಗೆ ಹೋದ.

ಸಂಜೆ ಗಾಡಿ ಮನೆಗೆ ಬಂದಾಗ ಜನೀನ್ ಬಾಗಿಲಲ್ಲಿ ನಿಂತು ದಿಟ್ಟಿಸಿದಳು. "ಹುಲೀನ ನೋಡಿ ನರಿ ಬರೆ ಹಾಕ್ಕೊಂಡಿತಂತೆ," ಎಂದಳು.

"ನರಿ ಅಂತೀಯಾ? ನೋಡು ಆ ಠೀವಿ!"

"ಠೀವಿ ಆಮೇಲೆ ನೋಡ್ತೀನಿ. ಮೊದ್ಲು ಗ್ಯಾರೇಜಿನೊಳಗೆ ಹೋಗುತ್ತಾ ನೋಡು."

ಹೋಗಲಿಲ್ಲ! ನೆತ್ತಿಯ ಡೇರೆ ಗ್ಯಾರೇಜಿನ ಬಾಗಿಲಿಗೆ ಢಣ್ಣೆಂದು ಬಡಿಯಿತು. ಚಾರ್ಜರು ಇದ್ದದ್ದು ಗ್ಯಾರೇಜಿನ ಒಳಗೋಡೆಯಲ್ಲಿ, ಅದನ್ನು ಅಲ್ಲಿ ಕೂರಿಸಿಕೊಟ್ಟವನೂ ಡ್ಯಾರೆಲ್ಲೇ. ಅಂದಿನಿಂದ ನನ್ನ ಗಾಡಿ ಹೊರಗೆ ಸೂರಿನ ನೀರು ಬೀಳುವ ಮೂಲೆಯಲ್ಲಿ, ತಂತಿ ಬಾಗಿಲ ಸಂದಿಯಿಂದ ಅದರ ಹೊಟ್ಟೆಗೆ. ಆಸ್ಪತ್ರೆಯ ರೋಗಿಯ ಹಾಗೆ ಕಾಣುತ್ತಿತ್ತು ಎಂದು ಪಕ್ಕದ ಮನೆಯವರು ಆಡಿಕೊಂಡರು. ಆಡಿಕೊಳ್ಳುವವರಿಗೆ ಏನು, ಅವರಿಗೆ ಷಡ್ಡಕರಿಲ್ಲ.

ಗುಡ್ ಫ್ರೈಡೇ ಬೆಳಗ್ಗೆ ಜಿನುಗು ಮಳೆ. ಎಲ್ಲರೂ ನಮ್ಮ ಮನೆಯ ಮುಂದೆ ಸೇರಿದರು. ಡ್ಯಾರೆಲ್ ಗುಡುಗುಡು ಅನ್ನಿಸಿಕೊಂಡು ಬಂದು ನಿಲ್ಲಿಸಿದ. ಮಾವ ನಿಧಾನವಾಗಿ ಇಳಿದು ನನ್ನ ಗಾಡಿಯತ್ತ ಬಂದರು. ಬುಲ್ ಬಾರ್ ಸವರಿದರು. ಟೈರಿಗೆ ಬೂಟಿನಿಂದ ಮೆಲ್ಲಗೆ ಒದ್ದರು. ಮುಂದಿನ ಬಾಗಿಲನ್ನು ತೆರೆದು ಹಿಡಿದುಕೊಂಡೇ ಒಂದೊಂದು ಬಿಡಿಭಾಗದ ವರ್ಣನೆಗೆ ಶುರುಮಾಡಿದೆ.

"ಇದು ನೋಡಿ ನೆವ್, ಬುಲ್ ಬಾರು. ಇದರ ಉಕ್ಕು ಎಂಥದು ಅಂದ್ರೆ... ಇದು ಡೇರೆ, ಇದನ್ನ ಬಿಚ್ಚೋ ರೀತಿ ಹೇಗಂದ್ರೆ... ಇನ್ನು ಇದು ಸೊಂಡಿಲು, ಎಂಥ ಹೊಳೆ ಬಂದ್ರೂ..."

"ಕ್ರಾಕ್!"

ಎಲ್ಲರೂ ಬೆಚ್ಚಿದರು.

"ಕ್ರಾಕ್! ಕ್ರಾಕ್! ಕ್ರಾಕ್!"

ಸದ್ದು ಬಂದದ್ದು ಸೊಂಡಿಲಿನಿಂದ! ಸೂರಿನ ನೀರಿಗೆ ಬಂದ ಹಸಿರು ಕಪ್ಪೆಯೊಂದು ಆ ಕೊಳವೆಯೊಳಗೆ ಬಿಡಾರ ಹೂಡಿತ್ತು. ನಮ್ಮ ಕಡೆಯ ಕಪ್ಪೆಗೆ ಕೊಳವೆ ಕಂಡರೆ ಪ್ರಾಣ, ಒಳಗೆ ಕೂತು ವಟಗುಟ್ಟಿದರೆ ದನಿ ಹತ್ತರಷ್ಟಾಗುತ್ತದಲ್ಲ!

ಡ್ಯಾರೆಲ್ ಹೊಟ್ಟೆ ಹಿಡಿದುಕೊಂಡು ತನ್ನ ಬಾನೆಟ್ಟಿನ ಮೇಲೆ ಬಿದ್ದ. "ಗುರು! ಕೊನೆಗೂ ನಿನ್ನ ಇಂಜಿನ್ ಸ್ಟಾರ್ಟ್ ಆಯ್ತಲ್ಲೋ!"

ಟ್ರೇಸಿ ಕೈ ಒದ್ದೆ ಮಾಡಿಕೊಂಡು ಕಪ್ಪೆಯನ್ನು ನಾಜೂಕಾಗಿ ಎತ್ತಿ ಜನೀನ್‌ಳ ಹೂಕುಂಡದಲ್ಲಿ ಬಿಟ್ಟಳು. ನಾನು ಮುಖ ಹುಳ್ಳಗೆ ಮಾಡಿಕೊಂಡು, ಕಪ್ಪೆಗಳ ಸ್ವಭಾವ ಯಾಕೆ ಹೀಗೆ ಎಂದು ಮಾವನಿಗೆ ವಿವರಿಸತೊಡಗಿದೆ. ಮಾವ ಗಡಿಯಾರ ನೋಡಿಕೊಂಡರು.

"ಗಾಡಿ ಚೆನ್ನಾಗಿದೆ ಕಣಪ್ಪ. ನಾನು ಡ್ಯಾರೆಲ್ ಜೊತೆ ಬರ್ತಿರ್ತೀನಿ, ಬೀಚಲ್ಲಿ ಸಿಗೋಣ," ಎಂದು ಆ ಡೀಸೆಲ್ ರಾಕ್ಷಸನ ಹೊಟ್ಟೆಯೊಳಗೆ ಹತ್ತಿ ಕೂತುಬಿಟ್ಟರು.

ತೆರೆದು ಹಿಡಿದ ಬಾಗಿಲನ್ನು ನಾನು ಧಡಾರನೆ ಮುಚ್ಚಿದೆ. ಜನೀನ್ ಒಳಗೆ ಕೂತು ಬೆಲ್ಟು ಹಾಕಿಕೊಂಡು, "ನಾನು ಕೂತ್ರೆ ಸೀಟು ಸೀಟಲ್ವಾ?" ಎಂದಳು. ಆ ಪ್ರಶ್ನೆಗೆ ಗಂಡಂದಿರು ಯೋಚಿಸಿ ಉತ್ತರ ಕೊಡಬೇಕು. ನಾನು ಯೋಚಿಸಲಿಲ್ಲ, ಅದರಿಂದ ಹೆದ್ದಾರಿಯವರೆಗೂ ಅವಳು ಮಾತಾಡಲಿಲ್ಲ.

ಹೆದ್ದಾರಿಯಲ್ಲಿ ನನ್ನ ಲೆಕ್ಕಾಚಾರ ಇಷ್ಟೇ: ಡ್ಯಾರೆಲ್‌ನನ್ನು ಹಿಂದೆ ಹಾಕಬೇಕು, ಹಾಕುವಾಗ ಮಾವ ಕಿಟಕಿಯಿಂದ ನನ್ನ ಸೊಂಡಿಲನ್ನು ನೋಡಬೇಕು. ಪೆಡಲು ಒತ್ತಿದೆ. ಗಾಡಿ ಬಾಣದಂತೆ ಚಿಮ್ಮಿತು, ಚಿಮ್ಮಿ ಧಡಕ್ಕನೆ ನಿಂತಿತು! ಟಿಣ್ ಟಿಣ್ ಟಿಣ್ ಎಂದು ಎಚ್ಚರಿಕೆಯ ಗಂಟೆ. ಎದುರಿಗೆ ಏನೋ ಅಡ್ಡ ಇದೆ ಎಂದು ಪರದೆಯ ಮೇಲೆ ಕೆಂಪು ದೀಪ.

"ಏನಿದೆ? ಕಾಂಗರೂನಾ?" ಜನೀನ್ ಡ್ಯಾಶ್‌ಬೋರ್ಡು ಹಿಡಿದುಕೊಂಡಳು.

ರಸ್ತೆ ಖಾಲಿ. ಮತ್ತೆ ಹೊರಟೆ. ಮತ್ತೆ ಧಡಕ್! ಹಿಂದಿನವರು ಹಾರ್ನು ಬಾರಿಸಿ ನನ್ನ ವಂಶವನ್ನೆಲ್ಲ ನೆನೆದರು. ಹೀಗೆ ನಾನು ಹೆಜ್ಜೆಗೊಮ್ಮೆ ಕುಪ್ಪಳಿಸಿಕೊಂಡು ಹೋಗುತ್ತಿರುವುದನ್ನು ಕನ್ನಡಿಯಲ್ಲಿ ಕಂಡ ಡ್ಯಾರೆಲ್ ಪಕ್ಕಕ್ಕೆ ನಿಲ್ಲಿಸಿ ಇಳಿದು ಬಂದ. ನನ್ನ ಗಾಡಿಯ ಮೂತಿ ನೋಡಿ ಸಿಳ್ಳೆ ಹಾಕಿದ.

"ಕಾಂಗರೂ ಅಲ್ಲ ಗುರು. ನಿನ್ನ ಗಾಡಿ ತನ್ನ ಬುಲ್ ಬಾರನ್ನೇ ನೋಡಿ ಹೆದರ್ಕೊಂಡು ಬ್ರೇಕ್ ಹಾಕ್ತಿದೆ!"

ಒಳಗೆ ಕೈಹಾಕಿ ಪರದೆಯ ಮೇಲೆ ಏನೋ ಒತ್ತಿದ. ಗಂಟೆ ನಿಂತಿತು, ಕೆಂಪು ದೀಪ ಆರಿತು. ನನ್ನ ಗಾಡಿ! ನಾನು ಕೊಂಡದ್ದು! ಅದೂ ಅವನ ಮಾತೇ ಕೇಳಬೇಕೇ? ಮಾವನಂತೆಯೇ ಇದೂ ಅವನ ಕಡೆ ವಾಲಿಕೊಂಡಿತಲ್ಲ!

ಅಷ್ಟಕ್ಕೇ ಮುಗಿಯಲಿಲ್ಲ. ಬುಲ್ ಬಾರಿನ ಭಾರ, ಟೈರಿನ ಭಾರ, ಗಾಳಿಗೆ ಎದೆಯೊಡ್ಡಿ ನಿಂತ ಡೇರೆ, ಎಲ್ಲ ಸೇರಿ ಬ್ಯಾಟರಿಯನ್ನು ಮಜ್ಜಿಗೆಯಂತೆ ಗಟಗಟ ಕುಡಿಯುತ್ತಿದ್ದವು. ಬೀಚಿಗೆ ಹೋಗಿ ಬಂದರೂ ಮಿಗಬೇಕಿದ್ದ ಚಾರ್ಜು ಅರ್ಧ ದಾರಿಗೇ ಅರ್ಧಕ್ಕಿಳಿಯಿತು. ನಡುವಿನ ಊರೊಂದರ ಬೇಕರಿಯ ಪಕ್ಕ ಚಾರ್ಜಿಗೆ ನಿಲ್ಲಿಸಿದೆ. ನನಗಾಗಿ ಎಲ್ಲರೂ ಕಾಯಬೇಕಾಯಿತು. ಬೆಂಚಿನ ಮೇಲೆ ಡ್ಯಾರೆಲ್ ಮತ್ತು ಮಾವ ಅಕ್ಕಪಕ್ಕ ಕೂತು ಮಾಂಸದ ಪೈ ತಿನ್ನುತ್ತಿದ್ದರು. ಒಂದೇ ಸಾಸಿನ ಪೊಟ್ಟಣವನ್ನು ಇಬ್ಬರೂ ಹಿಂಡಿಕೊಂಡರು! ನಾನು ಕೈಲಿದ್ದ ಪೈ ಬದಿಗಿಟ್ಟೆ.

"ಸಾಸಿಗೂ ಹೊಟ್ಟೆಕಿಚ್ಚಾ?" ಎಂದಳು ಜನೀನ್.

"ನಂಗ್ಯಾಕೆ ಹೊಟ್ಟೆಕಿಚ್ಚು? ನಂಗೆ ಸಾಸೇ ಇಷ್ಟ ಇಲ್ಲ!" ಎಂದೆ, ನನ್ನ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಸುಕುತ್ತಾ. ಅದು ಒಡೆದು ಅಂಗಿಯ ಮೇಲೆ ಚಿಮ್ಮಿತು.

ಕಡೆಗೂ ಡಾಂಬರು ಮುಗಿದು ಮರಳು ಶುರುವಾಗುವ ಜಾಗಕ್ಕೆ ಬಂದೆವು. ಇಲ್ಲಿ ಎಲ್ಲರೂ ನಿಲ್ಲಿಸಿ ಟೈರಿನ ಗಾಳಿ ಇಳಿಸಲೇಬೇಕು. ಉಬ್ಬಿದ ಟೈರು ಮರಳಿನಲ್ಲಿ ಹೂತುಹೋಗುತ್ತದೆ, ಗಾಳಿ ಇಳಿಸಿದ್ದು ಪಾದ ಅಗಲ ಮಾಡಿಕೊಂಡು ಮೇಲೇ ನಡೆಯುತ್ತದೆ. ಅಲ್ಲಿ ಬ್ರಿಸ್ಬೇನಿನಿಂದ ಮೊದಲ ಸಲ ಬಂದ ಒಂದು ಕುಟುಂಬ ಏನೂ ತಿಳಿಯದೆ ಕಣ್ಣು ಕಣ್ಣು ಬಿಡುತ್ತಿತ್ತು. ಮಾವ ಪಕ್ಕದಲ್ಲೇ ನಿಂತಿದ್ದಾರೆ. ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ? ನಾನು ಬುಲ್ ಬಾರಿನ ಮೇಲೆ ಕಾಲಿಟ್ಟು ನಿಂತು ಹರಾಜಿನ ಕಂಠದಲ್ಲಿ ಶುರುಮಾಡಿದೆ.

"ಮಿತ್ರರೇ! ಮರಳಿನಲ್ಲಿ ಅಹಂಕಾರ ನಡೆಯೋಲ್ಲ! ಗಾಳಿ ಇಳಿಸಿದವನೇ ಜಾಣ!"

ಟೈರಿನ ಗಾಳಿಯ ಬಗ್ಗೆ, ಮರಳಿನ ಕಣದ ಬಗ್ಗೆ, ಸಮುದ್ರದ ಉಬ್ಬರ ಏರುವ ಹೊತ್ತಿನ ಬಗ್ಗೆ ಮನಮುಟ್ಟುವಂತೆ ಮಾತಾಡಿದೆ. ಆ ಕುಟುಂಬ ಗಾಳಿ ಇಳಿಸಿತು. ಡ್ಯಾರೆಲ್ ಇಳಿಸಿದ. ಹಿಂದೆ ಬಂದವರೂ ಕೇಳಿ ಇಳಿಸಿದರು. ಎಲ್ಲರೂ ಹೊರಟರು. ನಾನೂ ವಿಜಯಿಯಂತೆ ಹತ್ತಿ ಹೊರಟೆ.

ನಾಲ್ಕು ಮಾರು ಹೋಗಿರಲಿಲ್ಲ. ಗಾಡಿ ಸೊಂಟದವರೆಗೆ ಹೂತುಕೊಂಡಿತು!

"ನಿನ್ನ ಟೈರಿಗೆ ಗಾಳಿ ಇಳಿಸಿದ್ಯಾ?" ಎಂದಳು ಜನೀನ್.

ಊರಿಗೆಲ್ಲ ಉಪದೇಶ ಮಾಡಿದವನು ನನ್ನ ಟೈರನ್ನು ಮುಟ್ಟಿಯೇ ಇರಲಿಲ್ಲ! ಒತ್ತಿದಷ್ಟೂ ಚಕ್ರ ಗುಂಡಿ ತೋಡಿತು. ಅತ್ತ ಅಲೆಗಳು ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಿದ್ದವು. ನನ್ನ ಉಪದೇಶ ಕೇಳಿದ ಬ್ರಿಸ್ಬೇನಿನ ಕುಟುಂಬ ಕೈ ಬೀಸುತ್ತಾ ಸಲೀಸಾಗಿ ಪಕ್ಕದಲ್ಲೇ ಹಾದುಹೋಯಿತು.

"ಸೊಂಡಿಲಿದೆಯಲ್ಲ, ಹೆದರಿಕೆ ಯಾಕೆ? ನೀರು ಬಂದ್ರೂ ಉಸಿರಾಡಬಹುದು," ಎಂದಳು ನನ್ನ ಧರ್ಮಪತ್ನಿ.

ಡ್ಯಾರೆಲ್ ಹಿಂದಕ್ಕೆ ಬಂದ. ಎಳೆಪಟ್ಟಿ ಬಿಗಿದ. ಆ ಹೊಗೆಬಾಕ ಡೀಸೆಲ್ಲು ಗುಡುಗಿತು, ನನ್ನ ಹೊಳೆಯುವ ಟೋಸ್ಟರು ಕೆಸರಿನಿಂದ ಎಮ್ಮೆ ಎದ್ದಂತೆ ಎದ್ದು ಬಂತು. ಮಾವ ಎಲ್ಲವನ್ನೂ ನೋಡುತ್ತಾ ನಿಂತಿದ್ದರು. ಎಳೆಸಿಕೊಂಡವನು ಎಳೆದವನಿಗೆ ಒಂದು ಪೆಟ್ಟಿಗೆ ಬಿಯರ್ ಕೊಡುವುದು ಇಲ್ಲಿಯ ಪದ್ಧತಿ. ಕೊಟ್ಟೆ.

ಆದರೆ ಸೋತೆ ಅಂದುಕೊಳ್ಳಬೇಡಿ! ಮರುದಿನ ಬೆಳಗ್ಗೆ ನನ್ನ ದಿನವಾಯಿತು. ನನ್ನ ಯೂಟಿನ ತೊಟ್ಟಿಯಲ್ಲಿ ಮನೆಯಲ್ಲಿರುವಂಥ ಪ್ಲಗ್ಗುಗಳಿವೆ ಕಣ್ರೀ, ಅದು ಕಂಪನಿಯೇ ಕೊಟ್ಟದ್ದು, ಮಿಕ್ ಅಂಟಿಸಿದ್ದಲ್ಲ. ಕೆಟಲ್ಲು ಸಿಕ್ಕಿಸಿದೆ. ನೀರು ಕುದಿಯಿತು. ಅತ್ತ ಡ್ಯಾರೆಲ್ ಜನರೇಟರಿನ ಹಗ್ಗ ಎಳೆದೂ ಎಳೆದೂ ಬೆವರುತ್ತಿದ್ದ. ಮಾವ ತಮ್ಮ ಕುರ್ಚಿ ಎತ್ತಿಕೊಂಡು ನನ್ನ ಗಾಡಿಯ ಪಕ್ಕಕ್ಕೇ ಬಂದರು! ಚಹಾ ಹೀರಿದರು, ಸಮುದ್ರ ನೋಡಿದರು.

"ಆಹಾ. ಎಷ್ಟು ನೆಮ್ಮದಿ. ಸದ್ದಿಲ್ಲ, ಹೊಗೆ ಇಲ್ಲ," ಎಂದರು.

ನನ್ನ ಎದೆ ಡೇರೆಯಂತೆ ಉಬ್ಬಿತು. ಡ್ಯಾರೆಲ್ ಓರೆಗಣ್ಣಿನಿಂದ ನೋಡುತ್ತಿದ್ದ. ಹೊಟ್ಟೆಕಿಚ್ಚಿನ ರುಚಿ ಅವನಿಗೂ ಸ್ವಲ್ಪ ಸಿಗಲಿ!

"ಅದ್ಯಾಕೆ ಸದ್ದಿಲ್ಲ ಗೊತ್ತಾ ನೆವ್?" ಎಂದು ನಾನೂ ಕುರ್ಚಿ ಎಳೆದುಕೊಂಡು ಕೂತೆ. ಬ್ಯಾಟರಿಯಿಂದ ಕರೆಂಟು ಪ್ಲಗ್ಗಿಗೆ ಬರುವ ಬಗೆ ಹೇಳಿದೆ. ಅಲ್ಲಿಂದ ಗಾಳಿಯಂತ್ರಗಳಿಗೆ ಹೋದೆ. ಗಾಳಿಯಂತ್ರಗಳಿಂದ ಸರ್ಕಾರಕ್ಕೆ ಬಂದೆ. ಸರ್ಕಾರದಿಂದ ನಾನು ಹರಾಜು ಹಾಕಿದ ಒಂದು ಮನೆಗೆ ಹೋಗುವಷ್ಟರಲ್ಲಿ ಮಾವ ಮೆಲ್ಲಗೆ ಎದ್ದರು. ಕುರ್ಚಿ ಮಡಚಿದರು. ಕುಂಟುತ್ತಾ ಮರಳು ದಾಟಿ, ಕಡೆಗೂ ಹೊತ್ತಿಕೊಂಡು ಡಬಡಬ ಎನ್ನುತ್ತಿದ್ದ ಡ್ಯಾರೆಲ್‌ನ ಜನರೇಟರಿನ ಪಕ್ಕ ಕುರ್ಚಿ ಹಾಕಿ ಕೂತುಬಿಟ್ಟರು! ಮುಖದ ತುಂಬ ಶಾಂತಿ!

"ನೋಡಿದ್ಯಾ?" ಎಂದೆ ಜನೀನ್‌ಗೆ, ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಹೊಗೆ ಕುಡೀತಾ ಕೂತಿದ್ದಾರೆ, ನನ್ನ ಪಕ್ಕ ಬೇಡ! ಏನು ಮೋಡಿ ಹಾಕಿದ್ದಾನೆ ಆ ಡ್ಯಾರೆಲ್?"

ಜನೀನ್ ನನ್ನ ಕೈಗೊಂದು ಚಹಾ ಲೋಟ ಕೊಟ್ಟಳು. "ನಂಗೆ ಗೊತ್ತು. ಆದ್ರೆ ನಾನು ಹೇಳಿದ್ರೆ ನೀನು ನಡುವೇನೇ ಮಾತಾಡ್ತೀಯ. ಅಪ್ಪನ್ನೇ ಕೇಳು," ಎಂದಳು.

ಡೇರೆ ಮಡಚಿ ಹೊರಡುವ ದಿನ ಬಂತು. ಮಾವ ಒಬ್ಬರೇ ನಿಂತು ಸಮುದ್ರವನ್ನು ನೋಡುತ್ತಿದ್ದರು, ಇನ್ನು ನೋಡುವುದು ಇದೆಯೋ ಇಲ್ಲವೋ ಎನ್ನುವ ಹಾಗೆ. ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋದೆ.

"ನೆವ್, ನಿಜ ಹೇಳಿ. ನನ್ನ ಗಾಡೀಲಿ ಏನು ಕಡಿಮೆ? ಅವನಿಗಿರೋದೆಲ್ಲ ಹಾಕಿಸಿದೆ. ಅವನದಕ್ಕಿಂತ ಉದ್ದದ್ದೇ ಹಾಕಿಸಿದೆ. ಆದ್ರೂ ಯಾಕೆ ಯಾವಾಗ್ಲೂ ಅವನ ಪಕ್ಕಾನೇ?"

ಮಾವ ನಿಟ್ಟುಸಿರು ಬಿಟ್ಟರು. "ನಿನ್ನ ಗಾಡೀದೇನೂ ತಪ್ಪಿಲ್ಲ ಕಣೋ ರಸ್. ಡ್ಯಾರೆಲ್‌ಗೂ ಬಾಯಿ ಜಾಸ್ತಿ, ನಿಂಗೂ ಬಾಯಿ ಜಾಸ್ತಿ. ಆದ್ರೆ ಅವನ ಗಾಡೀಲಿ ಕೂತ್ರೆ ಇಂಜಿನ್ ಸದ್ದಿಗೆ ಅವನು ಏನು ಹೇಳ್ತಿದ್ದಾನೆ ಅಂತ ನಂಗೆ ಒಂದಕ್ಷರ ಕೇಳ್ಸಲ್ಲ. ಸುಮ್ನೆ ತಲೆಯಾಡಿಸ್ತಾ ಇರ್ತೀನಿ, ನಿದ್ದೆ ಬಂದ್ರೆ ಮಲಗ್ತೀನಿ. ನಿನ್ನ ಗಾಡೀಲಿ ಪೂರ್ತಿ ಕೇಳ್ಸುತ್ತಲ್ಲೋ!"

ನನಗೆ ಕಾಲ ಕೆಳಗಿನ ಮರಳು ಜಾರಿತು. ಬಾಯಿ ತೆರೆದೆ. ಮುಚ್ಚಿದೆ. ಬಹುಶಃ ಅದನ್ನು ಕಂಡೇ ಇರಬೇಕು, ಮಾವ ಸುತ್ತ ನೋಡಿ, "ಬಾ. ಈಗ ಬರ್ತೀನಿ ನಿನ್ ಜೊತೆ. ಒಂದೇ ಷರತ್ತು," ಎಂದರು. ಷರತ್ತು ಏನೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವರು ಹತ್ತಿ ನನ್ನ ಪಕ್ಕದಲ್ಲಿ ಕೂತರು. ಮಾವ! ನನ್ನ ಗಾಡಿಯಲ್ಲಿ! ಮುಂದಿನ ಸೀಟಿನಲ್ಲಿ! ಕಿಟಕಿಯಿಳಿಸಿ ಡ್ಯಾರೆಲ್‌ಗೆ ನಾಲ್ಕು ಮಾತು ಹೇಳಿಬಿಡುವಷ್ಟು ನಾಲಗೆ ತುರಿಸುತ್ತಿತ್ತು. ಹಲ್ಲು ಕಚ್ಚಿಕೊಂಡೆ. ಈ ಸಲ ಗಾಳಿ ಇಳಿಸಿಯೇ ಮರಳು ದಾಟಿದೆ, ಡಾಂಬರು ಸಿಕ್ಕಿದ ಮೇಲೆ ಗಾಳಿ ತುಂಬಿಸಿದೆ, ಬೇಕರಿಯ ಪಕ್ಕ ಮತ್ತೆ ಚಾರ್ಜು ಹಾಕಿದೆ, ತುಟಿಪಿಟಕ್ಕೆನ್ನಲಿಲ್ಲ. ದಾರಿಯ ಮಗ್ಗುಲಲ್ಲಿ ನಾನೇ ಹರಾಜು ಹಾಕಿದ ಮನೆ ಬಂತು. ಅದರ ಕಥೆ ಗಂಟಲವರೆಗೆ ಬಂತು, ನುಂಗಿದೆ. ಹಿಂದಿನ ಸೀಟಿನಿಂದ ಜನೀನ್ ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ಗಾಡಿಯೊಳಗೆ ಗಾಳಿಯ ಸದ್ದೊಂದೇ. ಆಗ ಒಂದು ತಿರುವಿನಲ್ಲಿ ಮಾವ ತಾವಾಗಿಯೇ ಮಾತಾಡಿದರು.

"ಅಲ್ಲಿ ಆ ನೀಲಗಿರಿ ಮರದ ಹತ್ರ ಒಂದ್ಸಲ ಲಾರಿ ಕೆಟ್ಟು ನಿಂತಿತ್ತು. ಬೆರಿಲ್ ಪಕ್ಕದಲ್ಲಿದ್ಲು. ಮೆಕ್ಯಾನಿಕ್ ಬರೋ ಹೊತ್ತಿಗೆ ಮದುವೆ ಆಗ್ತೀಯಾ ಅಂತ ಕೇಳಿಬಿಟ್ಟಿದ್ದೆ. ಲಾರಿ ಸ್ಟಾರ್ಟ್ ಆದ್ರೆ ಆಗ್ತೀನಿ ಅಂದ್ಲು."

ಬೆರಿಲ್ ನಮ್ಮ ಅತ್ತೆ. ಇಷ್ಟು ವರ್ಷ ಅಳಿಯನಾಗಿದ್ದೂ ಈ ಕಥೆ ನಾನು ಕೇಳಿರಲೇ ಇಲ್ಲ. ಜನೀನ್ ಕೂಡ ಕೇಳಿರಲಿಲ್ಲ, ಹಿಂದೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. ಮಾವ ಡಾರ್ವಿನ್ನಿನ ದಾರಿಯ ಬಗ್ಗೆ ಹೇಳಿದರು, ಅತ್ತೆ ಲಾರಿಯಲ್ಲೇ ಬೇಯಿಸಿದ ಮೊಟ್ಟೆಯ ಬಗ್ಗೆ ಹೇಳಿದರು, ಮನೆ ಬರುವವರೆಗೂ ಹೇಳುತ್ತಲೇ ಬಂದರು. ನಾನು ಗಾಡಿಯನ್ನು ಬೇಕೆಂದೇ ನಿಧಾನ ಮಾಡಿದೆ.

ಮನೆ ಮುಂದೆ ಡ್ಯಾರೆಲ್ ಮತ್ತು ಟ್ರೇಸಿ ಆಗಲೇ ಬಂದು ನಿಂತಿದ್ದರು. ಮಾವ ಇಳಿದರು.

"ಹೆಂಗಿತ್ತು ನೆವ್, ಟೋಸ್ಟರ್ ಸವಾರಿ?" ಎಂದ ಡ್ಯಾರೆಲ್.

"ಬಲು ಚೆನ್ನಾಗಿತ್ತು," ಎಂದರು ಮಾವ. "ಇವನು ಹೊಸದಾಗಿ ಹಾಕಿಸಿರೋದ್ರಲ್ಲಿ ಒಂದಂತೂ ಬಹಳ ಕೆಲಸಕ್ಕೆ ಬಂತು."

ಡ್ಯಾರೆಲ್‌ನ ಮುಖ ಸಣ್ಣಗಾಯಿತು. ಹೊಟ್ಟೆಕಿಚ್ಚು! ನನ್ನ ಕಣ್ಣಾರೆ ಕಂಡೆ! "ಯಾವ್ದು? ಬುಲ್ ಬಾರಾ? ಸೊಂಡಿಲಾ?"

"ಅಲ್ಲ. ಬಾಯಿಗೆ ಬೀಗ."

ಟ್ರೇಸಿ ಓಡಿ ಬಂದು ನನ್ನ ತೋಳು ಹಿಡಿದುಕೊಂಡಳು. "ರಸ್, ಅದೆಲ್ಲಿ ಸಿಗುತ್ತೆ ಹೇಳು! ಡ್ಯಾರೆಲ್‌ಗೂ ಒಂದು ಹಾಕಿಸಬೇಕು!"

ನನ್ನಲ್ಲಿರುವ ಬಿಡಿಭಾಗ ಡ್ಯಾರೆಲ್‌ನಲ್ಲಿ ಇಲ್ಲ! ನನ್ನಲ್ಲಿದೆ, ಅವನಲ್ಲಿ ಇಲ್ಲ! ಇಂಥ ಗೆಲುವು ನನಗೆ ಬಾಳಿನಲ್ಲೇ ಸಿಕ್ಕಿರಲಿಲ್ಲ. ಆದರೆ ನನ್ನ ಹಣೆಬರಹ ನೋಡಿ, ಮಾವ ಪಕ್ಕದಲ್ಲೇ ನಿಂತಿದ್ದಾರೆ, ಅದರ ಬಗ್ಗೆ ಬಾಯಿ ಬಿಟ್ಟು ಒಂದೇ ಒಂದು ಮಾತು ಜಂಬ ಕೊಚ್ಚಿಕೊಳ್ಳುವಂತಿರಲಿಲ್ಲ!